ರಂಗೂನಿನಲ್ಲಿ ಆದ ಮದುವೆ: ದಾಖಲೆ ಎಲ್ಲಿಂದ ಹುಡುಕಲು ಶುರುಮಾಡುವುದು?

ಬೆಂದೂರು_ಮನೆ:
ನಮಸ್ಕಾರ. ಅಜ್ಜ ಮಂಗಳೂರಿನ ಕೊಂಕಣಿ ಕೆಥೊಲಿಕರು, 1925ರ ಸುಮಾರಿಗೆ ಬರ್ಮಾದ ರಂಗೂನಿಗೆ (ಈಗಿನ ಯಾಂಗೋನ್) ಹೋದವರು. ಮದುವೆ 1930ರ ಆಚೀಚೆ ಅಲ್ಲೇ ಆಯಿತೆಂದು ಮನೆಯಲ್ಲಿ ಹೇಳುತ್ತಾರೆ. 1942ರಲ್ಲಿ ಎಲ್ಲ ಬಿಟ್ಟು ಬಂದದ್ದರಿಂದ ಕಾಗದಪತ್ರ ಇಲ್ಲ. ಅಜ್ಜಿಯೂ ನಮ್ಮ ಜಿಲ್ಲೆಯವರೇ, ಆದರೆ ತವರಿನ ಕುಲನಾಮ ಯಾರಿಗೂ ನೆನಪಿಲ್ಲ. ಮಂಗಳೂರು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತಲ್ಲ ಎಂದು ಬ್ರಿಟಿಷ್ ಲೈಬ್ರರಿಯ ಮದ್ರಾಸ್ ಮದುವೆ ಸೂಚಿ ನೋಡಿದೆ, ಸಿಗಲಿಲ್ಲ. ಇನ್ನು ಯಾರಿಗೆ ಬರೆಯುವುದು?

ಹಳೇ_ದಫ್ತರ:
ಸದ್ಯ ಯಾರಿಗೂ ಬರೆಯಬೇಡಿ. ಅಜ್ಜನಿಗೆ ಜ್ಞಾನಸ್ನಾನ (ಬ್ಯಾಪ್ಟಿಸಂ) ಆದ ಇಗರ್ಜಿಗೆ (ಚರ್ಚಿಗೆ) ಹೋಗಿ. 1908ರ ಈಸ್ಟರ್‌ನಿಂದ ಜಾರಿಗೆ ಬಂದ ‘ನೆ ತೆಮೆರೆ’ ಎಂಬ ರೋಮ್‌ನ ಆಜ್ಞೆಯಂತೆ, ಮದುವೆ ಎಲ್ಲಿಯೇ ನಡೆಯಲಿ, ಅಲ್ಲಿನ ಪಾದ್ರಿಗಳು ಗಂಡುಹೆಣ್ಣು ಇಬ್ಬರ ಜ್ಞಾನಸ್ನಾನದ ಇಗರ್ಜಿಗೂ ತಿಳಿಸಬೇಕು. ಇಲ್ಲಿ ಅದನ್ನು ಜ್ಞಾನಸ್ನಾನದ ಪುಸ್ತಕದಲ್ಲೇ, ಅವರ ಹೆಸರಿನ ಪಕ್ಕದ ಅಂಚಿನಲ್ಲಿ ಬರೆದಿಡುತ್ತಾರೆ. ಸಣ್ಣಕ್ಷರದ ಲ್ಯಾಟಿನ್ ಸಾಲು: ‘ಮಾತ್ರಿಮೋನಿಯುಮ್ ಕೊಂತ್ರಾಕ್ಸಿತ್ ಕುಮ್...’, ಆಮೇಲೆ ಹೆಸರು, ಊರು, ತಾರೀಕು. ‘ಕುಮ್’ ಅಂದರೆ ‘ಜೊತೆ’. ನಿಮಗೆ ಬೇಕಾದ ಕುಲನಾಮ ಅದರ ಮುಂದೆಯೇ ಇರುತ್ತದೆ.

ಎರಡು ಕಡೆ ಎಡವುತ್ತಾರೆ. ಒಂದು, ಆಫೀಸಿನಲ್ಲಿ ಬರೀ ಸರ್ಟಿಫಿಕೇಟ್ ಕೇಳಿದರೆ ಷರಾ ಕಾಲಂ ಖಾಲಿ ಬಿಟ್ಟು ಕೊಡುವುದುಂಟು. ‘ಅಂಚಿನ ಟಿಪ್ಪಣಿ ಸಹಿತ ಪೂರ್ತಿ ನಕಲು’ ಎಂದೇ ಅರ್ಜಿಯಲ್ಲಿ ಬರೆಯಿರಿ. ಇನ್ನೊಂದು, ಈಗಿನ ಇಗರ್ಜಿ ಆಮೇಲೆ ಬೇರೆಯಾದದ್ದಿರಬಹುದು. ಆ ವಾಳೆ (ಇಗರ್ಜಿಯ ವಠಾರ, ವಾರ್ಡು) ಹಿಂದೆ ಯಾವ ಇಗರ್ಜಿಗೆ ಸೇರಿತ್ತೋ ಹಳೆಯ ಪುಸ್ತಕ ಅಲ್ಲಿಯೇ ಉಳಿದಿರುತ್ತದೆ. ಮನೆಯ ಹೆಸರು, ವಾಳೆ, ತಂದೆಯ ಹೆಸರು, ಹುಟ್ಟಿದ ವರ್ಷ ಐದು ಹೆಚ್ಚುಕಡಿಮೆ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ವಾರದ ದಿನ ಹೋಗಿ. ಭಾನುವಾರ ಪೂಜೆ ಮುಗಿದ ಗಡಿಬಿಡಿಯಲ್ಲಿ ಕೇಳಿದರೆ ಪುಸ್ತಕ ಕಪಾಟಿನಿಂದ ಹೊರಗೇ ಬರುವುದಿಲ್ಲ ಮಾರಾಯ್ರೆ.

ಹಡಗು_ಪಟ್ಟಿ:
ಮದ್ರಾಸ್ ಸೂಚಿಯಲ್ಲಿ ಸಿಗದ್ದು ಸಹಜ. ಆ ಸೂಚಿಗೆ ಆಧಾರವಾದ ಇಗರ್ಜಿ ವರದಿಗಳು ಹುಟ್ಟೂರಿನ ಲೆಕ್ಕದಲ್ಲಿಲ್ಲ, ಮದುವೆ ನಡೆದ ಊರಿನ ಲೆಕ್ಕದಲ್ಲಿವೆ. ಲೈಬ್ರರಿಯ ಕಡತ ಸಂಖ್ಯೆಯಲ್ಲಿ ಎನ್/1 ಬಂಗಾಳ, ಎನ್/2 ಮದ್ರಾಸ್, ಎನ್/3 ಬೊಂಬಾಯಿ. ರಂಗೂನ್ ನೋಡಬೇಕಾದ್ದು ಬಂಗಾಳದಲ್ಲಿ. ಬರ್ಮಾ ಭಾರತದಿಂದ ಬೇರೆಯಾದದ್ದು 1937ರ ಏಪ್ರಿಲ್‌ನಲ್ಲಿ, ನಿಮ್ಮ ಅಜ್ಜನ ಮದುವೆ ಅದಕ್ಕೆ ಮೊದಲಿನದು. ವಂಶಾವಳಿ ಹುಡುಕುವ ವೆಬ್‌ಸೈಟ್ ಫ್ಯಾಮಿಲಿಸರ್ಚ್‌ನಲ್ಲಿ ಸೂಚಿ ಪುಕ್ಕಟೆ. ಮೂಲ ಪುಟದ ಚಿತ್ರಕ್ಕೆ ಫೈಂಡ್‌ಮೈಪಾಸ್ಟ್ ಎಂಬ ಇನ್ನೊಂದು ವೆಬ್‌ಸೈಟ್, ಅದಕ್ಕೆ ದುಡ್ಡು. ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ, ಅಲ್ಲಿರುವವರು ಹೆಚ್ಚಾಗಿ ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು. ಹೆಸರಿಲ್ಲ ಎಂದಮಾತ್ರಕ್ಕೆ ಮದುವೆ ಆಗಿಲ್ಲ ಎಂದಲ್ಲ. ಬ್ರಿಟನ್ನಿನ ಪ್ರಯಾಣಿಕರ ಪಟ್ಟಿಗಳಿಗೂ (ಬಿಟಿ 26, ಬಿಟಿ 27) ಹಣ ಹಾಕಬೇಡಿ. ಅವು ಬ್ರಿಟನ್ನಿಗೆ ಹೋಗಿಬರುವ ಹಡಗುಗಳದ್ದು, ಮದ್ರಾಸ್–ರಂಗೂನ್ ಹಡಗು ಅದರಲ್ಲಿಲ್ಲ.

ಬೆಂದೂರು_ಮನೆ:
ಪುಸ್ತಕ ಸಿಕ್ಕಿತು! ‘7ಬ್ರಿಸ್ 1901’ ಎಂದಿದೆ, ಜುಲೈ ಅಲ್ವಾ? ಬೇಸರವೆಂದರೆ ಅಂಚಿನಲ್ಲಿ ಏನೂ ಇಲ್ಲ.

ಹಳೇ_ದಫ್ತರ:
ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ ‘ಸೆಪ್ತೆಮ್’ ಅಂದರೆ ಏಳು. ಹಾಗೆಯೇ 8ಬ್ರಿಸ್ ಅಕ್ಟೋಬರ್, 9ಬ್ರಿಸ್ ನವೆಂಬರ್, 10ಬ್ರಿಸ್ ಡಿಸೆಂಬರ್. ತಂದೆಯ ಹೆಸರೂ ಹಾಗೆಯೇ ಮೋಸಮಾಡುತ್ತದೆ: ‘ಫಿಲಿಯುಸ್ ಜೊಸೆಫಿ’ ಎಂದರೆ ಜೋಸೆಫನ ಮಗ, ಜೊಸೆಫಿ ಎಂಬ ಹೆಸರಿಲ್ಲ. ಇಲ್ಲಿ ‘ಯಾಕೊಬುಸ್’ ಎಂದಿದ್ದವರು ರಂಗೂನಿನ ಇಂಗ್ಲಿಷ್ ಕಾಗದದಲ್ಲಿ ಜೇಮ್ಸ್ ಆಗಿರುವುದೂ ಉಂಟು.

ಅಂಚು ಖಾಲಿ ಎಂದರೆ ಕಾಗದ ತಲುಪಿಲ್ಲ, ಇಲ್ಲವೇ ತಲುಪಿದ್ದನ್ನು ಏರಿಸಿಲ್ಲ. ಅದೇ ಇಗರ್ಜಿಯ ಮದುವೆ ಪುಸ್ತಕದಲ್ಲಿ 1926ರಿಂದ 1934ರವರೆಗೆ ಒಂದೊಂದೇ ಪುಟ ನೋಡಿ. ರಜೆಯಲ್ಲಿ ಊರಿಗೆ ಬಂದು ಮದುವೆಯಾಗಿ ಹೆಂಡತಿಯನ್ನು ಕರೆದುಕೊಂಡು ಹೋದವರು ಬಹಳ, ಮನೆಮಾತಿನಲ್ಲಿ ಅದು ‘ರಂಗೂನಿನಲ್ಲೇ ಆಯಿತು’ ಎಂದಾಗಿರುತ್ತದೆ. ಹೆಣ್ಣಿನ ಇಗರ್ಜಿಯಲ್ಲಿ ಮದುವೆ ಆಗಿದ್ದರೂ ಮೂರು ಭಾನುವಾರ ಓದುವ ಮದುವೆ ಪ್ರಕಟಣೆಯನ್ನು ಗಂಡಿನ ಇಗರ್ಜಿಯಲ್ಲೂ ಓದಬೇಕಿತ್ತು, ಆ ಪುಸ್ತಕ ಉಳಿದಿದ್ದರೆ ಕೇಳಿ. ಅದೂ ಇಲ್ಲದಿದ್ದರೆ ಊರಿನಲ್ಲಿ ಹುಟ್ಟಿದ ಮಕ್ಕಳ ಜ್ಞಾನಸ್ನಾನದ ಸಾಲು. ದೇವತಂದೆ, ದೇವತಾಯಿಯಾಗಿ ನಿಂತವರಲ್ಲಿ ಅಜ್ಜಿಯ ತವರಿನವರು ಇದ್ದರೆ ಕುಲನಾಮಕ್ಕೆ ಸುಳಿವು ಸಿಗುತ್ತದೆ.

ಬಲ್ಮಠ_ದಾರಿ:
ಬಾಸೆಲ್ ಮಿಶನ್ (ಪ್ರೊಟೆಸ್ಟಂಟ್) ಕುಟುಂಬದವರು ಇದನ್ನು ಓದುತ್ತಿದ್ದರೆ, ನಿಮ್ಮ ದಾರಿ ಬೇರೆ. ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಸಭೆಯ (ನಿಮ್ಮ ಚರ್ಚಿನ) ಪುಸ್ತಕ ಆದ ಮೇಲೆ ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರ, ಆಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್. ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದಲ್ಲಿ ‘ಇ’ ಅಕ್ಷರ ‘ಎನ್’ನಂತೆ ಕಾಣುತ್ತದೆ, ‘ಯು’ ಮೇಲೆ ಸಣ್ಣ ಕಮಾನು ಇರುತ್ತದೆ. ಇದು ಗೊತ್ತಿಲ್ಲದೆ ಓದಿದರೆ ಹೆಸರುಗಳು ತಲೆಕೆಳಗು.

ಬೆಂದೂರು_ಮನೆ:
ಸೋಮವಾರ ಮದುವೆ ಪುಸ್ತಕ ನೋಡಲು ಒಪ್ಪಿದ್ದಾರೆ. ಯಾಂಗೋನ್‌ಗೆ ಪತ್ರ ಅದರ ನಂತರವೇ.