ಏಳನೇ ಕ್ಲಾಸಿಗೆ ನೀತಿಪಾಠ: ರೂಢಿ ಮಾಡಿಸೋದಾ, ಯೋಚನೆ ಮಾಡಿಸೋದಾ?

ಪ್ರಶ್ನೆ (ಗಂಗಾವತಿ):
ವಾರಕ್ಕೊಂದು ನೀತಿ ಪಿರಿಯಡ್, 40 ನಿಮಿಷ. ಪ್ರಾರ್ಥನೆಯಲ್ಲಿ ದಿನಾ ಸುಭಾಷಿತ ಓದಿಸಿದ್ರೂ ಕಿರುಪರೀಕ್ಷೆಯಲ್ಲಿ ನಕಲು ನಿಂತಿಲ್ಲ. ಚರ್ಚೆಗೆ ಬಿಟ್ರೆ ಮಕ್ಕಳು ಚೆಂದ ಮಾತಾಡ್ತಾರೆ, ಅಲ್ಲಿಗೇ ಮುಗೀತು. ಎರಡನ್ನೂ ಕೂಡಿಸೋದು ಹೇಗ್ರಿ?

ಉತ್ತರ 1 (ಸಿಂಧನೂರು):
ಸರ್, ಅಮೆರಿಕದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಅನ್ನೋ ಇಬ್ಬರು ಸಂಶೋಧಕರು 1920ರ ದಶಕದಲ್ಲೇ ಸಾವಿರಾರು ಮಕ್ಕಳನ್ನ ಪರೀಕ್ಷಿಸಿ ನೋಡಿದ್ರು. ಒಂದು ಕಡೆ ಪ್ರಾಮಾಣಿಕವಾಗಿದ್ದ ಮಗು ಇನ್ನೊಂದು ಕಡೆ ಮೋಸ ಮಾಡ್ತಿತ್ತು. ಅಂದ್ರೆ ರೂಢಿಯನ್ನ ಅದು ಬೇಕಾಗೋ ಜಾಗದಲ್ಲೇ ಬೆಳೆಸಬೇಕು.

ಚರ್ಚೆಗೆ ಇಲ್ಲಿಯದೇ ಪೇಚು ಕೊಡ್ರಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತನ ಸರದಿ, ಭತ್ತ ಒಣಗ್ತಿದೆ. ಮೇಲಿನ ಹೊಲದವನು ರಾತ್ರಿ ಗೇಟ್ ಎತ್ತಿ ನೀರು ತಿರುಗಿಸಿಕೊಂಡ. ಕಂಡವಳು ಅವನ ಮಗಳೇ. ಹೇಳಬೇಕಾ?

ಮೊದಲ 5 ನಿಮಿಷ ಎಲ್ಲರೂ ತೀರ್ಮಾನ, ಕಾರಣ ಬರೀಲಿ. ಇದನ್ನ ಬಿಟ್ರೆ ಬಾಯಿ ಜೋರಿದ್ದವರ ಹಿಂದೆ ಕ್ಲಾಸೇ ಹೋಗುತ್ತೆ. ಆಮೇಲೆ ಐದೈದು ಮಂದಿಯ ಗುಂಪು, 15 ನಿಮಿಷ. ಎದುರಿನವರು ಹೇಳಿದ್ದನ್ನ ಅವರು ‘ಹೌದು’ ಅನ್ನೋ ಹಂಗ ತಿರುಗಿ ಹೇಳಿದ ಮೇಲೆಯೇ ಉತ್ತರ. ‘ಅಪ್ಪ ಹೊಡೀತಾನೆ’ ಅನ್ನೋ ಮಗುವಿಗೆ ‘ಕೆಳಗಿನ ಹೊಲದವರ ಮಗಳು ನೀನಾಗಿದ್ರೆ?’ ಅಂತ ಕೇಳ್ರಿ. ಒಮ್ಮೆಗೇ ಸಂವಿಧಾನಕ್ಕೆ ಹಾರಿದ್ರೆ ತಲೆಗೆ ಹತ್ತೋದಿಲ್ಲ. ಬ್ಲಾಟ್ ಮತ್ತು ಕೋಲ್‌ಬರ್ಗ್ ಅನ್ನೋ ಮನೋವಿಜ್ಞಾನಿಗಳ ಚರ್ಚಾ ವಿಧಾನದಲ್ಲೂ ನೈತಿಕ ಯೋಚನೆಯಲ್ಲಿ ಮಗು ನಿಂತ ಮೆಟ್ಟಿಲಿಗಿಂತ ಒಂದೇ ಮೆಟ್ಟಿಲು ಮೇಲಿನ ಕಾರಣ ಕೊಡ್ತಾರೆ. ಕೊನೆಗೆ ಮತ್ತೆ ಬರೆಸ್ರಿ. ಕೈ ಎತ್ತಿಸಿ ಎಣಿಸಬೇಡ್ರಿ, ಗೆದ್ದವರು ಯೋಚನೆ ನಿಲ್ಲಿಸ್ತಾರೆ.

ಉತ್ತರ 2 (ಮಾನ್ವಿ):
ಒಪ್ಪಿದೆ, ಆದ್ರೆ ‘ನಕಲು ತಪ್ಪಾ?’ ಅಂತ ಮಾತ್ರ ಚರ್ಚೆಗಿಡಬೇಡ್ರಿ. ಜಾಣ ಮಗು ‘ತಪ್ಪಲ್ಲ’ ಅಂತ ವಾದಿಸಿ ಗೆಲ್ಲುತ್ತೆ. ಗೆಳೆಯ ನಕಲು ಮಾಡೋದು ಕಂಡ್ರೆ ಏನು ಮಾಡಬೇಕು, ಅದು ಚರ್ಚೆಯ ವಿಷಯ.

ರೂಢಿಗೆ: ಮೊದಲ ನಾಲ್ಕು ಕಿರುಪರೀಕ್ಷೆ ಅಂಕವಿಲ್ಲದೆ ಮಾಡ್ರಿ. ಉತ್ತರ ಬೋರ್ಡಿನ ಮೇಲೆ, ತಮ್ಮ ಪೇಪರ್ ತಾವೇ ಕೆಂಪು ಪೆನ್ನಲ್ಲಿ ತಿದ್ದಲಿ, ನೀಲಿ ಪೆನ್ನು ಬ್ಯಾಗಿನೊಳಗೆ. ಐದನೆಯದಕ್ಕೆ ಅಂಕ. ಮೊದಲ ದಿನವೇ ಅಂಕ ಇಟ್ರೆ ಆಸೆ ರೂಢಿಗಿಂತ ದೊಡ್ಡದಾಗುತ್ತೆ. ಪ್ರಾಮಾಣಿಕತೆಗೆ ಸ್ಟಾರ್, ಬಹುಮಾನ ಬೇಡವೇ ಬೇಡ. ಸ್ಟಾರ್ ನಿಂತ ದಿನ ಅದೂ ನಿಲ್ಲುತ್ತೆ.

ಉತ್ತರ 3 (ಕೊಪ್ಪಳ):
ಎರಡನ್ನೂ ಕೂಡಿಸೋ ಕೀಲು ಮಕ್ಕಳೇ ಮಾಡಿದ ನಿಯಮ. 1974ರಲ್ಲಿ ಶುರುವಾದ ಕೇಂಬ್ರಿಡ್ಜ್‌ನ ಕ್ಲಸ್ಟರ್ ಶಾಲೆಯಲ್ಲಿ (ಅಮೆರಿಕದ್ದು) ಶಿಕ್ಷಕರಿಗೂ ಮಕ್ಕಳಿಗೂ ಒಂದೊಂದೇ ಮತ ಇತ್ತು. ಒಬ್ಬಳ ದುಡ್ಡು ಕಳುವಾದಾಗ ಎಲ್ಲರೂ 15 ಸೆಂಟ್ ಹಾಕಿ ತುಂಬಿಕೊಡೋಣ ಅಂತ ಅಲ್ಲಿನ ಸಭೆ ತೀರ್ಮಾನಿಸಿತ್ತು.

ನಿಮ್ಮಲ್ಲಿ ಬಿಸಿಯೂಟದಿಂದ ಶುರು ಮಾಡ್ರಿ. ಸಾಲಿನ ಕೊನೆಯವರಿಗೆ ಬರೀ ತಿಳಿ ಸಾಂಬಾರು, ಬೇಳೆ ಮುಂದಿನವರಿಗೆ. ಇದು ನ್ಯಾಯವಾ ಅಂತ ಚರ್ಚಿಸಿ ನಿಯಮ ಬರೀಲಿ: ಪ್ರತಿ ಸಲ ತಳದಿಂದ ಕಲಕಿ ಒಂದೇ ಸೌಟು, ಸಾಲು ದಿನಾ ತಿರುವುಮುರುವು. ಎರಡು ವಾರ ನಡೆಸಿ, ಮುರಿದದ್ದು ಎಲ್ಲಿ ಅಂತ ಮುಂದಿನ ಪಿರಿಯಡ್‌ನಲ್ಲಿ ಕೇಳ್ರಿ. ಬಡಿಸುವವರು ಗೆಳೆಯನಿಗೆ ಕದ್ದು ಹೆಚ್ಚು ಹಾಕೋದು ಮೊದಲು ಬರೋ ತಕರಾರು. ಅದನ್ನ ನೀವು ತೀರಿಸಬೇಡ್ರಿ, ಸಭೆಗೇ ಬಿಡ್ರಿ.