ಅಪ್‌ಡೇಟ್: ಮಗ ಬಾಯಿ ಬಿಟ್ಟ!

ಎರಡು ತಿಂಗಳ ಹಿಂದೆ ಕೇಳಿದ್ದೆ, ನೆನಪಿದೆಯಾ? ಮಗನಿಗೆ ಮೂರೂವರೆ ವರ್ಷ, ಎರಡು ಪದ ಜೋಡಿಸಿ ಮಾತಾಡೋದೇ ಕಷ್ಟ, ಊಟಕ್ಕೆ ಮೊಬೈಲ್ ಬೇಕೇ ಬೇಕು ಅಂತ. ಮೊದಲು ಕಿವಿ ಪರೀಕ್ಷೆ ಮಾಡಿಸಿ ಅಂದವರಿಗೆ ಥ್ಯಾಂಕ್ಸ್. ಮಾಡಿಸಿದೆವು, ಕಿವಿ ಚೆನ್ನಾಗಿದೆ. ಈಗ ವಾರಕ್ಕೊಮ್ಮೆ ಸ್ಪೀಚ್ ಥೆರಪಿ ನಡೆಯುತ್ತಿದೆ.

ಇನ್ನು ಮೊಬೈಲ್. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮಲ್ಲಿ ಒಂದು ಊಟಕ್ಕೇ ಅಷ್ಟಾಗುತ್ತಿತ್ತು! ನಿಲ್ಲಿಸಿದ ಮೊದಲ ನಾಲ್ಕು ದಿನ ತಟ್ಟೆ ಹಾರಿತು. ಅತ್ತೆ ನನ್ನ ಮೇಲೇ ಮುನಿಸಿಕೊಂಡರು.

ಆದರೆ ದಾರಿ ಹುಡುಕಿದ್ದೂ ಅವರೇ. ಸಂಜೆ ಬೋಗುಣಿಗೆ ಮಂಡಕ್ಕಿ ಸುರಿದು, ಅವನನ್ನು ಪಕ್ಕ ಕೂರಿಸಿಕೊಂಡು, "ಈರುಳ್ಳಿ ಹಾಕ್ಲಾ, ಶೇಂಗಾ ಹಾಕ್ಲಾ?" ಎನ್ನುತ್ತಾರೆ. ಅವನು ಹೇಳುವ ತನಕ ಸುಮ್ನೆ ಕಾಯುತ್ತಾರೆ. ನನಗಂತೂ ಅಷ್ಟು ತಾಳ್ಮೆ ಇಲ್ಲ. ಮೊದಮೊದಲು ಬೆರಳು ತೋರಿಸುತ್ತಿದ್ದ. ಆಮೇಲೆ "ಶೇಂಗಾ" ಬಂತು. ಹೋದ ವಾರ, "ಅಜ್ಜಿ, ಖಾರ ಬ್ಯಾಡ, ಶೇಂಗಾ ಹಾಕು!" ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ಬಿಟ್ಟುಕೊಂಡೇ ನಿಂತುಬಿಟ್ಟೆ.

'ಕ' ಇನ್ನೂ ಕೆಲವೊಮ್ಮೆ 'ತ' ಆಗುತ್ತದೆ. ಬೈದು ತಿದ್ದಬೇಡಿ, ನೀವು ಸರಿಯಾಗಿ ಹೇಳಿ ಕೇಳಿಸಿ ಎಂದಿದ್ದಾರೆ ಥೆರಪಿಸ್ಟ್. ಭಾನುವಾರ ಕುಂದವಾಡ ಕೆರೆಗೆ ಹೋಗಿದ್ದೆವು. "ಅಮ್ಮಾ, ತೊತ್ತರೆ ಹಾರ್ತು!" ಎಂದ. "ಹೌದು ಪುಟ್ಟ, ಕೊಕ್ಕರೆ ಹಾರ್ತು" ಎಂದೆ. "ಅದೇ, ತೊತ್ತರೆ" ಎಂದು ನನ್ನನ್ನೇ ತಿದ್ದಿದ.