ಚಿತ್ರ ಮುಗಿದ ಮೇಲೆ ಬದಲಾವಣೆ ಕೇಳಿದರೆ ಏನು ಮಾಡುತ್ತೀರಿ?

ನೀರುಬಣ್ಣ: ಒಬ್ಬರು ನನ್ನಿಂದ ತಮ್ಮ ಅಜ್ಜ ಅಜ್ಜಿಯ ಚಿತ್ರ ಬರೆಸಿದ್ದಾರೆ. ಜಲವರ್ಣ, ಎ3 ಅಳತೆ. ಪೆನ್ಸಿಲ್ ಸ್ಕೆಚ್ ತೋರಿಸಿದಾಗ ಒಪ್ಪಿದ್ದರು. ಪೂರ್ತಿ ಮುಗಿಸಿದ ಮೇಲೆ, ಅಜ್ಜಿಯ ಮುಖ ಸ್ವಲ್ಪ ತಿರುಗಿರಲಿ, ಹಿನ್ನೆಲೆಯ ಕಡು ನೀಲಿ ಬದಲು ತಿಳಿ ಹಳದಿ ಇರಲಿ ಎನ್ನುತ್ತಿದ್ದಾರೆ. ಅಂದರೆ ಹೊಸ ಹಾಳೆ, ಮತ್ತೆ 12 ದಿನ. ಅರ್ಧ ಹಣ ಮುಂಗಡ ಬಂದಿದೆ. ಪುಕ್ಕಟೆ ಮಾಡಿಕೊಡಬೇಕಾ?

ಕುಂಚದವಳು: ಮಾಡಿಕೊಡಿ. ಮನೆ ಹಿರಿಯರ ಚಿತ್ರ ಅದು, ದಿನಾ ನೋಡುತ್ತಾರೆ. ಅವರು ಖುಷಿಯಾದರೆ ಇನ್ನೂ ನಾಲ್ಕು ಜನಕ್ಕೆ ಹೇಳುತ್ತಾರೆ. ನನಗೆ ಬರುವ ಕೆಲಸವೆಲ್ಲ ಹೀಗೇ ಬಂದದ್ದು.

ಗೆರೆಗಾರ: ನಾನು ಒಪ್ಪುವುದಿಲ್ಲ. ಜಲವರ್ಣದಲ್ಲಿ ಹಾಳೆಯ ಬಿಳುಪೇ ಬೆಳಕು. ಕಡು ನೀಲಿ ಹೀರಿಕೊಂಡ ಕಾಗದದ ಮೇಲೆ ತಿಳಿ ಹಳದಿ ಎದ್ದು ಕಾಣುವುದೇ ಇಲ್ಲ. ಅಕ್ರಿಲಿಕ್ ಆಗಿದ್ದರೆ ಒಣಗಿದ ಮೇಲೆ ಮತ್ತೊಂದು ಪದರ ಬಳಿಯಬಹುದಿತ್ತು. ಇಲ್ಲಿ ಅವರು ಕೇಳುತ್ತಿರುವುದು ತಿದ್ದುಪಡಿ ಅಲ್ಲ, ಎರಡನೇ ಚಿತ್ರ. 12 ದಿನ ಸುಮ್ನೆ ಕೊಟ್ಟರೆ ಸರದಿಯಲ್ಲಿ ಕಾಯುತ್ತಿರುವ ಬೇರೆಯವರಿಗೆ ಅನ್ಯಾಯ ಅಲ್ವಾ?

ಪರದೆಚಿತ್ರ: ನಾನು ಡಿಜಿಟಲ್‌ನಲ್ಲಿ ಬರೆಯುವವನು. ಲೇಯರ್ ಇದೆ, ಅಂದರೆ ಬೇರೆ ಬೇರೆಯಾಗಿ ತಿದ್ದಬಹುದಾದ ಪದರಗಳು; ಬಣ್ಣ ಬದಲಿಸುವುದು ಸುಲಭ. ಆದರೆ ಮುಖ ತಿರುಗಿಸಿ ಎಂದರೆ ನನಗೂ ಮೊದಲಿಂದ ಬರೆಯಬೇಕು. ಅದಕ್ಕೇ ಮುಂಗಡ ಪಡೆಯುವ ಮೊದಲೇ ಬರೆದು ಕಳಿಸುತ್ತೇನೆ: ಸ್ಕೆಚ್‌ನಲ್ಲಿ ಎರಡು ಸಲ, ಬಣ್ಣ ಹಾಕಿದ ಮೇಲೆ ಒಂದು ಸಲ ತಿದ್ದುತ್ತೇನೆ. ಅದಕ್ಕಿಂತ ಜಾಸ್ತಿಯಾದರೆ ಬೇರೆ ಹಣ.

ಬರೆಸಿದವಳು: ನಾನು ಕಲಾವಿದೆ ಅಲ್ಲ, ಚಿತ್ರ ಬರೆಸಿದ್ದೇನೆ ಅಷ್ಟೆ. ನನಗೂ ಪೆನ್ಸಿಲ್ ಗೆರೆ ತೋರಿಸಿ "ಸರಿನಾ?" ಎಂದಿದ್ದರು. ಹೂಂ ಎಂದೆ. ಬಣ್ಣ ಬಂದ ಮೇಲೆ ಎದೆ ಧಸಕ್ ಅಂದಿತು. ಗೆರೆ ನೋಡಿ ಬಣ್ಣ ಊಹಿಸಲು ನಮಗೆ ಬರುವುದಿಲ್ಲ. ಒಪ್ಪಿದಿರಿ ಎಂದು ಆಮೇಲೆ ನಮ್ಮ ಮೇಲೇ ಹಾಕಿದರೆ ಬೇಜಾರಾಗುತ್ತದೆ.

ಗೆರೆಗಾರ: ಈ ಮಾತು ನನಗೂ ನಾಟಿತು. ಅಂಗೈಯಗಲದ ಕಾಗದದಲ್ಲಿ ಎರಡು ಮೂರು ಬಣ್ಣದ ಮಾದರಿ ಮಾಡಿ ತೋರಿಸಬಹುದು. ಒಂದು ಗಂಟೆ ಸಾಕು. ಪೆನ್ಸಿಲ್ ಜೊತೆ ಅದಕ್ಕೂ ಒಪ್ಪಿಗೆ ಪಡೆದರೆ ಈ ಜಗಳ ಅಷ್ಟಾಗಿ ಬರುವುದಿಲ್ಲ.

ನೀರುಬಣ್ಣ: ನಿಜ, ನಾನು ಬಣ್ಣದ ಮಾದರಿ ತೋರಿಸಿರಲಿಲ್ಲ. ನೀಲಿ ನನ್ನ ಆಯ್ಕೆಯೇ. ಮುಖದ ಕೋನ ಮಾತ್ರ ಅವರು ನೋಡಿ ಒಪ್ಪಿದ್ದು. ಹೊಸ ಹಾಳೆಗೆ ಅರ್ಧ ದರ ಕೇಳುತ್ತೇನೆ. ಈ ಸಲ ಮಾದರಿ ಮೊದಲು.

ಕುಂಚದವಳು: ಅದು ನ್ಯಾಯ. ಮೊದಲ ಚಿತ್ರ ಯಾರ ಹತ್ತಿರ ಉಳಿಯುತ್ತದೆ ಎಂದೂ ಈಗಲೇ ಮಾತಾಡಿಕೊಳ್ಳಿ. ಅವರ ಮನೆಯವರ ಮುಖ ಅದು. ಕೇಳದೆ ಮಾರಬೇಡಿ, ಎಲ್ಲೂ ಹಾಕಲೂ ಬೇಡಿ. ಹಣ ಕೊಟ್ಟು ಬರೆಸಿದ ಭಾವಚಿತ್ರದ ಕೃತಿಸ್ವಾಮ್ಯ (ಕಾಪಿರೈಟ್), ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲವು ದೇಶಗಳಲ್ಲಿ ಬರೆಸಿದವರಿಗೇ ಸೇರುತ್ತದೆ.

ನೀರುಬಣ್ಣ: ಇದು ಹೊಳೆದೇ ಇರಲಿಲ್ಲ. ಇವತ್ತೇ ಅವರಿಗೆ ಬರೆಯುತ್ತೇನೆ.